ಕಿರುಚುವ ಗಾಡಿ, ಸುಣ್ಣದ ಗೆರೆ

ಇಲ್ಲಿ ಗಾಡಿ ಕಿರುಚದಿದ್ದರೆ ಜನ ಓಡುತ್ತಾರೆ. ಹೆಗ್ಗಡದೇವನಕೋಟೆಯ ಈ ಕಾಡಂಚಿಗೆ ನಾನು ಬಂದ ಮೊದಲ ದಿನ ಕಂಡದ್ದೇ ಇದು. ನಾವು ದಿಬ್ಬ ಹತ್ತುತ್ತಿದ್ದೆವು. ಮರದ ದಿಮ್ಮಿ ಹೇರಿದ ನಾಲ್ಕು ಗಾಡಿಗಳು ಎದುರಿಗೆ ಇಳಿಯುತ್ತಿದ್ದವು. ಹಲ್ಲು ಜುಮ್ಮೆನ್ನುವ ಕಿರುಚು. ದಾರಿಯ ಪಕ್ಕ ಕೂತ ಹೆಂಗಸರು ಎಲೆ ಅಡಿಕೆ ಮೆಲ್ಲುತ್ತಾ ಹರಟುತ್ತಿದ್ದರು, ಒಬ್ಬರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಮೂರನೆಯ ಗಾಡಿಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನನಗೆ ಹಾಯೆನಿಸಿತು. ಅಷ್ಟರಲ್ಲಿ ಆ ಹೆಂಗಸರು ಮಕ್ಕಳನ್ನು ಬಾಚಿಕೊಂಡು ಬೇಲಿಯಾಚೆ ಹಾರಿದ್ದರು. ನಮ್ಮ ಮನೆಯವರು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ಗಾಡಿಯವನು ಹಗ್ಗ ಬಿಗಿದ, ಕಿರುಚು ಮತ್ತೆ ಶುರುವಾಯಿತು, ಹೆಂಗಸರು ಬಂದು ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡರು.

ಸಾಲಿಗ್ರಾಮದ ನಮ್ಮ ವಾಚನಾಲಯದ ಕಾರ್ಯದರ್ಶಿಗಳು ಕಾಗದ ಬರೆದಿದ್ದಾರೆ. ಕೈಬರಹದ ಮಾಸಪತ್ರಿಕೆಗೆ ‘ಕಾಡಿನ ಸೊಬಗು’ ಎಂಬ ವಿಷಯವಾಗಿ ನಾಲ್ಕು ಪುಟ ಬೇಕಂತೆ. ನವಿಲು, ಜಿಂಕೆ, ಕಪಿಲೆಯ ಜುಳುಜುಳು ಇರಲಿ, ಹೆಣ್ಣುಮಗಳ ಲೇಖನಿಯಿಂದ ಬಂದರೆ ಓದುಗರಿಗೆ ಹಿತ ಎಂದೂ ಸೇರಿಸಿದ್ದಾರೆ. ದೂರದ ಬೆಟ್ಟ ನುಣ್ಣಗೆ. ಇದೇ ಓದುಗರ ಮನೆಗಳ ಹೆಂಗಸರು ಬಾವಿಕಟ್ಟೆಯಲ್ಲಿ, ‘ಗಾಣದ ಮನೆ ಹೆಣ್ಣು ಎಣ್ಣೆ ಹಚ್ಚಿ ಗಂಡನ ಕಾಲು ಮುರಿದಳು’ ಎಂದು ಆಡಿಕೊಂಡದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆದ್ದರಿಂದ ಸೊಬಗನ್ನು ಬರೆಯುವುದಿಲ್ಲ. ಒಂದರ ಮೇಲೊಂದು ಕೂತ ವಸ್ತು ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂಬುದನ್ನು ಬರೆಯುತ್ತೇನೆ. ಹಚ್ಚಿದ ಎಣ್ಣೆಯನ್ನು ಹಚ್ಚಿದೆ ಎನ್ನುತ್ತೇನೆ; ಹಚ್ಚದ್ದನ್ನು ಹಚ್ಚಿಲ್ಲ ಎನ್ನುತ್ತೇನೆ. ಹಿತವಾಗದಿದ್ದವರು ಪುಟ ತಿರುಗಿಸಬಹುದು.

ನಾನು ಯಾರ ಮಗಳೆಂದು ನಿಮಗೆ ಗೊತ್ತು. ಅಪ್ಪನ ಗಾಣದ ಸದ್ದು ಕೇಳಿಯೇ ಬೆಳೆದವಳು. ಎತ್ತು ಸುತ್ತುವಾಗ ಕಲ್ಲಿನ ಒರಳಿಗೆ ಒನಕೆ ಉಜ್ಜುವ ಸದ್ದಿನಿಂದಲೇ, ಹುಚ್ಚೆಳ್ಳು ಎಣ್ಣೆ ಬಿಟ್ಟಿತೋ ಇಲ್ಲವೋ ಎಂದು ಅಡಿಗೆಮನೆಯಿಂದ ಹೇಳುತ್ತಿದ್ದೆ. ಆದರೆ ಗಾಡಿಯ ಮಾತು ಬೇರೆ. ಗಾಡಿಯ ಅಚ್ಚು ಕಿರುಗುಟ್ಟಿದರೆ ಅಪ್ಪನಿಗೆ ಮೈ ಉರಿಯುತ್ತಿತ್ತು. ನಮ್ಮ ಹೊರಬಾಗಿಲ ಗೂಟದಲ್ಲಿ ಕೀಲೆಣ್ಣೆಯ ಬಿದಿರುಗೊಳವೆ ಸದಾ ತೂಗುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಬೀದಿಯಲ್ಲಿ ಯಾರ ಗಾಡಿ ಕೂಗಿದರೂ, ದಾರಿಹೋಕರದಾದರೂ ಸರಿ, ನಿಲ್ಲಿಸಿ ಅಚ್ಚಿಗೆ ಬಳಿದು ಕಳಿಸುವುದು ನಮ್ಮ ಮನೆಯ ವಾಡಿಕೆ. ಕೂಗುವ ಗಾಡಿ ಗಾಣದವರ ಬೀದಿ ದಾಟಿದರೆ ಮಾನ ಹೋಯಿತು ಎನ್ನುತ್ತಿದ್ದ ಅಪ್ಪ.

ನಮ್ಮ ಮನೆಯವರು ಹುಣಸೂರಿನವರು. ಅವರ ಗಾಣ ನಿಂತುಹೋದ ಮೇಲೆ ಇಲ್ಲಿಯ ಕಂಟ್ರಾಕ್ಟರರ ಮರದ ಡಿಪೋದಲ್ಲಿ ದಿಮ್ಮಿ ಒಟ್ಟುವ ಕೆಲಸ ಹಿಡಿದರು. ಮದುವೆಯಾದ ಮೂರನೆಯ ತಿಂಗಳು ನನ್ನನ್ನು ಕರೆತಂದರು. ಎಡತೊರೆಯ ಹತ್ತಿರ ಕೃಷ್ಣರಾಜನಗರವೆಂಬ ಹೊಸ ಪೇಟೆಯ ಬೀದಿಗಳಿಗೆ ನೂಲು ಹಿಡಿದು ಗುರುತು ಹಾಕುತ್ತಿದ್ದ ಕಾಲ ಅದು. ಆ ನೇರ ಬೀದಿಗಳನ್ನು ನೋಡುತ್ತಾ ಗಾಡಿಯಲ್ಲಿ ಬಂದವಳಿಗೆ ಮೂರನೆಯ ದಿನ ಸಿಕ್ಕಿದ್ದು ಬಿದಿರುತಟ್ಟಿಯ ಒಂದು ಗುಡಿಸಲು. ಬಾಗಿಲ ಬದಲು ಗೋಣಿ. ಒಲೆಯ ಹಿಂದೆ ಗೆದ್ದಲು. ನಮ್ಮಲ್ಲಿ ನಾಲೆಯ ನೀರಿನ ಅನ್ನ, ಇಲ್ಲಿ ದಿನವೂ ಮುದ್ದೆ. ಮಳೆಗಾಲದಲ್ಲಿ ಎಳೆಬಿದಿರಿನ ಕಳಲೆ, ಬೇಸಗೆಯಲ್ಲಿ ಕಾಡಿನಿಂದ ಅಗೆದು ತರುವ ನೂರೆಗೆಣಸು. ಕಳಲೆಯನ್ನು ನೀರಿನಲ್ಲಿ ನೆನೆಸಿ ಕಹಿ ತೆಗೆಯಬೇಕೆಂದು ಯಾರೂ ಹೇಳಲಿಲ್ಲ, ಮೊದಲ ಸಲ ಮಾಡಿದ ಸಾರನ್ನು ನಾಯಿಯೂ ಮೂಸಲಿಲ್ಲ. ಚಳಿಜ್ವರ ಹನ್ನೊಂದು ದಿನ ಮಲಗಿಸಿತು. ಮಾತಾಡಲು ಜನ ಬೇಕೆಂದು ಗೋಣಿ ಸರಿಸಿ ಕೂತರೆ, ಎದುರಿಗಿದ್ದವರು ವೈನಾಡಿನಿಂದ ಬಂದ ಗರಗಸದವರು. ಅವರಿಂದ ನಾನು ಕಲಿತ ಮೊದಲ ಮಲೆಯಾಳ ಮಾತು ‘ಪದುಕ್ಕೆ’, ಎಂದರೆ ಮೆಲ್ಲಗೆ. ದಿಮ್ಮಿ ಎತ್ತುವಾಗ, ಇಳಿಸುವಾಗ, ಅನ್ನ ಬಡಿಸುವಾಗ, ಎಲ್ಲಕ್ಕೂ ಪದುಕ್ಕೆ. ಒಂಟಿತನ ಎಷ್ಟಿತ್ತೆಂದರೆ ನಾನು ಒಬ್ಬಳೇ ಇದ್ದಾಗ ಗುಡಿಸಲ ಮುಂದೆ ನಿಂತ ಗಾಡಿಯ ಎತ್ತಿಗೂ ಅದನ್ನೇ ಹೇಳುತ್ತಿದ್ದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಬಯಲು ಸೀಮೆಯ ಗಾಡಿಗೆ ಇಲ್ಲದ ಒಂದು ವಸ್ತು ಇಲ್ಲಿಯ ಗಾಡಿಗಿದೆ. ಚಕ್ರದ ಹಿಂದೆ ಒಂದು ಅಡ್ಡಮರ. ಇಳಿಜಾರಿನಲ್ಲಿ ಹಗ್ಗ ಬಿಗಿದರೆ ಅದು ಚಕ್ರದ ಪಟ್ಟಿಗೆ ಒತ್ತಿಕೊಳ್ಳುತ್ತದೆ, ಒತ್ತಿಕೊಂಡಾಗ ಕಿರುಚುತ್ತದೆ. ಬಂದ ಎರಡನೇ ತಿಂಗಳು ನಮ್ಮ ಗುಡಿಸಲ ಮುಂದೆ ಒಂದು ಗಾಡಿ ನಿಂತಿತ್ತು. ಹಿಂದಿನ ದಿನ ಅದರ ಕೂಗು ಕೇಳಿ ಕೇಳಿ ನನಗೆ ತಲೆನೋವು. ಅಪ್ಪನ ಮಗಳಲ್ಲವೇ, ತವರಿಂದ ತಂದಿದ್ದ ಕೀಲೆಣ್ಣೆ ತೆಗೆದು ಅಚ್ಚಿಗೂ ಬಳಿದೆ, ಆ ಅಡ್ಡಮರಕ್ಕೂ ಧಾರಾಳವಾಗಿ ಬಳಿದೆ. ಪುಣ್ಯ ಕಟ್ಟಿಕೊಂಡೆ ಎಂದುಕೊಂಡೆ. ಆ ಗಾಡಿ ದಿಬ್ಬ ಇಳಿಯುವಾಗ ಒಂದು ಸದ್ದೂ ಮಾಡಲಿಲ್ಲ. ಗಾಡಿಯವನು ಹಗ್ಗವನ್ನು ಎಷ್ಟು ಜಗ್ಗಿದರೂ ಮರ ಚಕ್ರವನ್ನು ಹಿಡಿಯಲಿಲ್ಲ. ಹೊರೆ ಎತ್ತುಗಳ ಮೇಲೆ ಬಿದ್ದಿತು. ಗಾಡಿಯವನು ಹಾರಿಕೊಂಡ, ಎಡಗಡೆಯ ಎತ್ತಿನ ಮುಂಗಾಲು ಮುರಿಯಿತು. ಅದು ನಾನು ಮಾಡಿದ್ದು. ಆ ಎತ್ತಿನ ಕಣ್ಣು ಇವತ್ತಿಗೂ ನನಗೆ ಎದುರಾಗುತ್ತದೆ. ಗಾಡಿಯವನ ಕಾಲಿಗೆ ಬಿದ್ದೆ, ಡಿಪೋದ ಎಲ್ಲರ ಮುಂದೆ ಒಪ್ಪಿಕೊಂಡೆ. ಒಪ್ಪಿಕೊಂಡದ್ದೇ ಮುಂದೆ ಕುತ್ತಿಗೆಗೆ ಬಂತು.

ಆ ಮೇಲೆ ನನಗೆ ಬುದ್ಧಿ ಕಲಿಸಿದವನು ಬೊಮ್ಮ. ಜೇನುಕುರುಬರವನು, ಪಕ್ಕದ ಹಾಡಿಯಲ್ಲಿ ಅವನ ಮನೆ. ಹಾಡಿ ಎಂದರೆ ಅವರ ಹಳ್ಳಿ, ಹತ್ತು ಹನ್ನೆರಡು ಗುಡಿಸಲು. ನಮ್ಮ ಮನೆಯವರ ಜೊತೆ ಒಟ್ಟಿಲಿನ ಕೆಲಸ ಅವನದು. ದಿಮ್ಮಿಗಳನ್ನು ಇಳಿಜಾರಿನಲ್ಲಿ ಎರಡು ಹಾಸುಮರಗಳ ಮೇಲೆ ಒಂದರ ಮೇಲೊಂದು ಜೋಡಿಸಿ, ಕೆಳಗೆ ಬೆಣೆ ಕೊಟ್ಟು ನಿಲ್ಲಿಸುವುದೇ ಒಟ್ಟಿಲು. ಗಾಡಿ ಬಂದಾಗ ಬೆಣೆ ತೆಗೆದು ಒಂದೊಂದಾಗಿ ಜಾರಿಸುತ್ತಾರೆ. ಬೊಮ್ಮ ಬೆಣೆ ಮುಟ್ಟುವ ಮೊದಲು ದಿಮ್ಮಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದ, ಆಗ ಎಲ್ಲರೂ ಬಾಯಿ ಮುಚ್ಚಬೇಕು. ಏನು ಕೇಳಿಸುತ್ತದೆ ಎಂದು ನಾನು ಕೇಳಿದೆ.

‘ಮಳೆಗಾಲ್ವೆಲ್ಲ ಮಲಗಿದ್ ಮರ ಗಟ್ಟಿ ಇಡ್ಕತ್ತದೆ ಕಣವ್ವ. ನೆನ್ನೆ ಇಟ್ಟಿದ್ದು ಮೆಲ್ಗೆ ಬುಡ್ತದೆ. ಅಳೇದು ಬುಡಾಕಿಲ್ಲ, ಬುಡಾಕಿಲ್ಲ, ಬುಟ್ರೆ ಒಂದೇ ಸಲ. ಆದ್ರೆ ಅದ್ಕೂ ಮುಂಚೆ ಒಂದ್ ಮೂಲೆ ಮಾತಾಡ್ತದೆ.’

ಒಂದು ಮೂಲೆ ಮಾತಾಡುವುದು ಎಂದರೇನೆಂದು ನನಗೆ ತಿಳಿದದ್ದು ಕಂಬಳಿಯಿಂದ. ಒಂದು ಮಧ್ಯಾಹ್ನ ಕಂಬಳಿಯ ಮೇಲೆ ರಾಗಿ ಹರವಿದ್ದೆ, ಮೋಡ ಕವಿಯಿತು. ಕಂಬಳಿಯ ಒಂದಂಚು ಹಿಡಿದು ಎಳೆದೆ. ನನ್ನ ಕೈಯ ಕಡೆಯ ಅಂಚು ಒಂದು ಗೇಣು ಬಂತು, ಆಚೆಯ ಅಂಚು ಅಲುಗಲಿಲ್ಲ. ಇನ್ನೂ ಎಳೆದೆ. ಸಡಿಲವಾದದ್ದು ಮೆಲ್ಲಗೆ ನಡುವಿನವರೆಗೆ ಹೋಯಿತು. ಇನ್ನೂ ಸ್ವಲ್ಪ ಎಳೆದದ್ದೇ ತಡ, ಆಚೆಯ ಅಂಚಿಗೂ ಮುಟ್ಟಿ ಕಂಬಳಿಯೆಲ್ಲ ಒಮ್ಮೆಗೇ ಬಂತು, ನಾನು ಅಂಗಳದಲ್ಲಿ ಅಂಗಾತ ಬಿದ್ದೆ. ಹಾಗೇ ಬಿದ್ದುಕೊಂಡು ಯೋಚಿಸಿದೆ. ಹಿಡಿತ ಎಲ್ಲ ಕಡೆ ಒಟ್ಟಿಗೆ ತಪ್ಪುವುದಿಲ್ಲ. ಒಂದು ಅಂಚಿನಲ್ಲಿ ತಪ್ಪುತ್ತದೆ, ಬಟ್ಟೆ ಹರಿದಂತೆ ಆ ಬಿರುಕು ಓಡುತ್ತದೆ, ಇನ್ನೊಂದು ಅಂಚು ಮುಟ್ಟಿದಾಗ ಮಾತ್ರ ನಮ್ಮ ಕಣ್ಣಿಗೆ ‘ಜಾರಿತು’ ಎನಿಸುತ್ತದೆ. ನಿಜವಾಗಿ ಅದು ಎಷ್ಟೋ ಹೊತ್ತಿನಿಂದ ಜಾರುತ್ತಲೇ ಇತ್ತು.

ಮಾರನೆಯ ದಿನ ನಮ್ಮ ಮನೆಯವರು ಒಟ್ಟಿದ್ದ ಹಳೆಯ ಒಟ್ಟಿಲಿನ ಬಳಿ ಹೋಗಿ, ದಿಮ್ಮಿಗೂ ಹಾಸುಮರಕ್ಕೂ ಸೇರಿಸಿ ಅಲ್ಲಲ್ಲಿ ಬೆರಳಿನಿಂದ ಸುಣ್ಣದ ಸಣ್ಣ ಗೆರೆ ಎಳೆದೆ. ದಿಮ್ಮಿ ಕೂದಲೆಳೆಯಷ್ಟು ಸರಿದರೂ ಗೆರೆ ತುಂಡಾಗಿ ಎರಡು ತುದಿಗಳು ಅತ್ತಿತ್ತ ಆಗಬೇಕು. ಐದನೆಯ ದಿನ ಬೊಮ್ಮ ಓಡಿಬಂದು ಕರೆದ. ಕೆಳಮೂಲೆಯ ಗೆರೆ ರಾಗಿಕಾಳಿನಷ್ಟು ಕಡಿದಿತ್ತು, ಮೇಲಿನವು ನೆಟ್ಟಗಿದ್ದವು. ಅಂದೇ ಬೆಣೆ ಬದಲಿಸಿದರು. ಎರಡು ಮಳೆಗಾಲ ಆ ಗೆರೆಗಳು ಡಿಪೋದಲ್ಲಿ ಒಬ್ಬರ ಬೆರಳೂ ನಜ್ಜಾಗದಂತೆ ಕಾದವು. ವೈನಾಡಿನವರು ನನ್ನನ್ನು ಕಂಡರೆ ‘ಪದುಕ್ಕೆ’ ಎಂದು ನಗುತ್ತಿದ್ದರು. ಈ ಸೀಮೆಯಲ್ಲಿ ನನಗೊಂದು ಜಾಗ ಸಿಕ್ಕಿತು ಎಂದುಕೊಂಡೆ.

ಕಂಟ್ರಾಕ್ಟರರ ಪರವಾಗಿ ಡಿಪೋ ಆಳುತ್ತಿದ್ದವನು ಒಬ್ಬ ಮೇಸ್ತ್ರಿ. ಅವನಿಗೆ ಬೂಟಿನ ಮೇಲಿದ್ದ ಗಮನ ಮರದ ಮೇಲಿರಲಿಲ್ಲ. ಯಜಮಾನರು ನೆಂಟರೊಡನೆ ಡಿಪೋ ನೋಡಲು ಬರುತ್ತಾರೆಂದು ಸುದ್ದಿ ಬಂದದ್ದೇ, ಅಂಗಳ ಗುಡಿಸಿಸಿದ, ಮಾವಿನೆಲೆ ಕಟ್ಟಿಸಿದ, ಕೊನೆಗೆ ಒಟ್ಟಿಲುಗಳ ಮೇಲಿನ ಸುಣ್ಣವನ್ನು ನೋಡಿ ಇದೇನು ಮಾಟದ ಗುರುತು ಎಂದು ಒದ್ದೆ ಗೋಣಿಯಿಂದ ಒರೆಸಿಸಿದ. ಹಿಂದಿನ ಸಂಜೆ ದೊಡ್ಡ ಒಟ್ಟಿಲಿನ ಕೆಳಮೂಲೆಯ ಗೆರೆ ಕಡಿದದ್ದನ್ನು ಬೊಮ್ಮ ಕಂಡಿದ್ದ. ಆ ಒಟ್ಟಿಲು ಆಷಾಢದಿಂದ ಮಲಗಿದ್ದದ್ದು. ನಮ್ಮ ಮನೆಯವರು ಮೇಸ್ತ್ರಿಗೆ ಕೈಮುಗಿದು, ಇದೊಂದನ್ನು ಇವತ್ತು ಬಿಚ್ಚುವುದು ಬೇಡ, ಮೊದಲು ಬೆಣೆ ಬಿಗಿಸೋಣ ಎಂದರು. ನೆಂಟರಿಗೆ ದಿಮ್ಮಿ ಜಾರುವ ತಮಾಷೆ ತೋರಿಸಬೇಕಿತ್ತು. ಬೆಣೆಗೆ ಕೈಹಾಕು, ಇಲ್ಲವೇ ಗುಡಿಸಲು ಖಾಲಿ ಮಾಡು ಎಂದ ಮೇಸ್ತ್ರಿ.

ನಮ್ಮ ಮನೆಯವರು ಬೆಣೆಗೆ ಬಗ್ಗಿದಾಗ ನಾನು ಹತ್ತು ಮಾರು ದೂರದಲ್ಲಿದ್ದೆ. ಮೊದಲು ಕೆಳಮೂಲೆಯಲ್ಲಿ ಟಿಕ್ ಎಂದಿತು, ಆಮೇಲೆ ಟಿಕ್ ಟಿಕ್, ಆಮೇಲೆ ಒಂದು ಕ್ಷಣ ಏನೂ ಇಲ್ಲ. ಬೊಮ್ಮ ನಮ್ಮ ಮನೆಯವರ ಸೊಂಟ ಹಿಡಿದು ಎಳೆದ. ಇಪ್ಪತ್ತು ದಿಮ್ಮಿ ಒಮ್ಮೆಗೇ ಬಂದವು. ಬೊಮ್ಮ ಎಳೆಯದಿದ್ದರೆ ನಾನು ಇವತ್ತು ಮುಂಡೆ. ಅವರ ಬಲಗಾಲು ಮಾತ್ರ ಅಡಿಗೆ ಸಿಕ್ಕಿತು. ಮೈಸೂರಿನ ಆಸ್ಪತ್ರೆಯಲ್ಲಿ ಕಣಕಾಲಿನ ಕೆಳಗೆ ಕತ್ತರಿಸಿ ತೆಗೆದರು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ಮೇಸ್ತ್ರಿ ಕಾಗದದಲ್ಲಿ ಬರೆದದ್ದು ಹೀಗೆ: ಸದರಿ ಕೂಲಿಯ ಹೆಂಡತಿ ಹಿಂದೆಯೂ ಗಾಡಿಗೆ ಎಣ್ಣೆ ಹಚ್ಚಿ ಅನಾಹುತ ಮಾಡಿದವಳು, ಈಗಲೂ ಹಾಸುಮರಕ್ಕೆ ಎಣ್ಣೆ ಹಚ್ಚಿದ್ದರಿಂದ ಒಟ್ಟಿಲು ಜಾರಿತು. ವಿಚಾರಣೆಗೆ ಒಬ್ಬ ಅಧಿಕಾರಿಗಳು ಬಂದರು. ಬೊಮ್ಮನನ್ನು ಅವರು ಕೇಳಲೇ ಇಲ್ಲ, ಕಾಡು ಜನರ ಸಾಕ್ಷಿ ಏನೆಂದು ಹಿಡಿಯುವುದು ಎಂದರು. ನಾನು ಕೇಳಿಸಿಕೊಳ್ಳಿ ಎಂದೆ. ಎಣ್ಣೆ ಇದ್ದಿದ್ದರೆ ಆ ಮರ ಒಟ್ಟಿದ ದಿನವೇ ಮೆಲ್ಲಗೆ ಜಾರಿ ಬರುತ್ತಿತ್ತು. ತಿಂಗಳುಗಟ್ಟಲೆ ಹಿಡಿದು ನಿಂತು ಒಮ್ಮೆಗೇ ಬಿಡುವುದು ಎಣ್ಣೆ ಕಾಣದ ಮರ. ಅವರು ನಕ್ಕರು. ಆಗ ಅಂಗಳದಲ್ಲಿ ಕಂಬಳಿ ಹಾಸಿದೆ, ಮೇಲೆ ರಾಗಿ ಚೀಲ ಸಾಲಾಗಿ ಇಟ್ಟೆ, ಕಂಬಳಿಗೂ ನೆಲಕ್ಕೂ ಸೇರಿಸಿ ಐದು ಕಡೆ ಸುಣ್ಣದ ಗೆರೆ ಎಳೆದೆ. ಸ್ವಾಮಿ, ನೀವೇ ಎಳೆಯಿರಿ ಎಂದೆ. ಎಳೆದರು. ಮೊದಲನೆಯ ಗೆರೆ ಕಡಿಯಿತು, ಎರಡನೆಯದು, ಮೂರನೆಯದು; ಚೀಲಗಳ ಸಾಲು ಇನ್ನೂ ಅಲ್ಲೇ ಇದ್ದಂತೆ ಕಾಣುತ್ತಿತ್ತು. ಐದನೆಯದು ಕಡಿದದ್ದೇ ಎಲ್ಲ ಒಟ್ಟಿಗೆ ಬಂದು ಅವರು ಒಂದು ಹೆಜ್ಜೆ ಹಿಂದಕ್ಕೆ ತೂರಾಡಿದರು. ಕಂಬಳಿಯ ತಳ ಮುಟ್ಟಿ ನೋಡಿ, ಎಣ್ಣೆ ಇದೆಯೇ ಎಂದೆ. ಮುಟ್ಟಿ ನೋಡಿದರು. ಬಹಳ ಚೆನ್ನಾಗಿದೆ ಎಂದರು. ತಮ್ಮ ಪುಟ್ಟ ಪುಸ್ತಕದಲ್ಲಿ ಚಿತ್ರ ಬರೆದುಕೊಂಡರು. ಆಮೇಲೆ ಮೇಸ್ತ್ರಿಯ ಕಾಗದದ ಕೆಳಗೆ ಹಾಗೆಯೇ ರುಜು ಹಾಕಿ ಕುದುರೆ ಹತ್ತಿದರು.

ತಿಳಿಯದವರ ಮೇಲೆ ಸಿಟ್ಟು ಬರುವುದಿಲ್ಲ. ತಿಳಿದು, ಮೆಚ್ಚಿ, ರುಜು ಹಾಕಿದವರ ಮೇಲೆ ಬರುತ್ತದೆ. ಗುಡಿಸಲು ಖಾಲಿ ಮಾಡಿಸಿದರು. ಅಪ್ಪ ದಿಬ್ಬದ ಬುಡದವರೆಗೆ ಗಾಡಿ ತಂದು ನಮ್ಮಿಬ್ಬರನ್ನೂ ಸಾಲಿಗ್ರಾಮಕ್ಕೆ ಕರೆದುಕೊಂಡು ಹೋದ.

ಮೂರು ತಿಂಗಳು ನಿಮ್ಮ ನಡುವೆಯೇ ಇದ್ದೆ. ಬಿಳಿ ಅನ್ನ ತಿಂದೆ, ನದಿಯಲ್ಲಿ ಮುಳುಗಿ ಸ್ನಾನ ಮಾಡಿದೆ, ಬಾವಿಕಟ್ಟೆಯ ಮಾತನ್ನೂ ಕೇಳಿದೆ. ಒಬ್ಬರಾದರೂ ನನ್ನ ಮುಖ ನೋಡಿ ಕೇಳಿದ್ದರೆ ಹೇಳುತ್ತಿದ್ದೆ. ಅಷ್ಟರಲ್ಲಿ ಊರಿಗೆ ಹೋಗುವ ಗರಗಸದವನೊಬ್ಬ ಬಳಸು ದಾರಿಯಾದರೂ ನಮ್ಮ ಮನೆಗೆ ಬಂದು ಸುದ್ದಿ ಹೇಳಿದ. ಡಿಪೋದ ಎಲ್ಲ ಒಟ್ಟಿಲುಗಳಿಗೂ ಸುಣ್ಣದ ಗೆರೆ ಎಳೆಯಬೇಕೆಂದು ಮೇಲಿನಿಂದ ಹುಕುಂ ಆಗಿದೆಯಂತೆ. ಮೇಸ್ತ್ರಿಯ ಜಾಣತನವೆಂದು ಅವನಿಗೆ ಶಾಭಾಸ್‌ಗಿರಿ ಸಿಕ್ಕಿದೆಯಂತೆ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಆ ಮೇಸ್ತ್ರಿ, ಗೆರೆ ಅಂದವಾಗಿ ಕಾಣಲಿ ಎಂದು, ದಿನ ಬೆಳಗಾದರೆ ಎಲ್ಲ ಗೆರೆಗಳನ್ನೂ ಒರೆಸಿ ಹೊಸದಾಗಿ ದಪ್ಪಗೆ ಬಳಿಸುತ್ತಾನಂತೆ. ದಿನವೂ ಹೊಸದಾಗುವ ಗೆರೆ ಎಂದೂ ಕಡಿಯುವುದಿಲ್ಲ. ಆ ಗೆರೆ ಕಡಿದಿಲ್ಲವೆಂದು ತೋರಿಸಿ ಬೊಮ್ಮನ ಕೈಯಿಂದ ಬೆಣೆ ತೆಗೆಸುತ್ತಿದ್ದಾನೆ.

ಮಾರನೆಯ ಬೆಳಗ್ಗೆ ಅವ್ವ ಹಿಂದಿನ ದಿನದ ರಂಗೋಲಿ ಗುಡಿಸಿ ಹೊಸದು ಹಾಕಲು ಬಗ್ಗಿದ್ದಳು. ನಾನು ಪೊರಕೆ ಕಿತ್ತುಕೊಂಡು ಅಳಿಸಬೇಡ ಎಂದು ಕೂಗಿದೆ. ಬೀದಿಯೇ ನೋಡಿತು. ಅವ್ವ ಸಿಟ್ಟಾಗಲಿಲ್ಲ.

‘ಇದು ನಿನ್ ಮನೆ ಕಣ್ ಮಗಾ. ಇಲ್ಲಿ ಏನ್ ಬಿದ್ದೋದದು?’ ಎಂದಳು.

ನಮ್ಮ ಮನೆಯವರು ಜಗುಲಿಯ ಮೇಲಿಂದ ಎಲ್ಲ ನೋಡುತ್ತಿದ್ದರು. ಊರುಗೋಲು ತೆಗೆದುಕೊಂಡು ಎದ್ದು, ಬೊಮ್ಮ ನನಗೆ ಪ್ರಾಣ ಕೊಟ್ಟವನು, ನಡಿ ಎಂದರು. ಅಪ್ಪನೇ ಗಾಡಿ ಹೂಡಿ ಬಿಟ್ಟುಹೋಗಲು ಬಂದ.

ಈಗ ಡಿಪೋದ ಬೇಲಿಯ ಹೊರಗೆ, ಹಾಡಿಯ ಅಂಚಿನಲ್ಲಿ ಇದ್ದೇವೆ. ಬೊಮ್ಮ ಬಿದಿರು ಕೊಟ್ಟ, ಹಾಡಿಯವರು ತಟ್ಟಿ ಹೆಣೆದರು. ನಮ್ಮ ಮನೆಯವರು ಕೂತಲ್ಲೇ ಬೆಣೆ ಕೆತ್ತುತ್ತಾರೆ. ನಾನು ಬೆಳಗ್ಗೆ ತೊಗಟೆ ಆರಿಸುವ ನೆಪದಲ್ಲಿ ಒಟ್ಟಿಲುಗಳ ಹಿಂದೆ ಹೋಗುತ್ತೇನೆ. ಮೇಸ್ತ್ರಿ ಬಗ್ಗಿ ನೋಡದ ಕೆಳಮೂಲೆಯಲ್ಲಿ ಕೂದಲೆಳೆಯಷ್ಟು ತೆಳುವಾದ ನಮ್ಮ ಗೆರೆಗಳಿವೆ. ಕಡಿದಿದ್ದರೆ ಬೊಮ್ಮನಿಗೆ ಹೇಳುತ್ತೇನೆ, ಅವತ್ತು ಅವನಿಗೆ ಹೊಟ್ಟೆನೋವು ಬರುತ್ತದೆ, ಅವನ ಜೊತೆಯವರಿಗೂ ಬರುತ್ತದೆ. ಹೊಟ್ಟೆನೋವಿನವರು ಕೆಲಸಕ್ಕೆ ಹೋಗುವುದಿಲ್ಲ, ಮೇಸ್ತ್ರಿ ಬಂದು ಬೈದು ಹೋಗುತ್ತಾನೆ. ಹೊಸ ಬೆಣೆ ಬೀಳುವವರೆಗೆ ಅದು ವಾಸಿಯಾಗುವುದಿಲ್ಲ. ನನ್ನ ಹೆಸರು ಮಾತ್ರ ಆ ಕಾಗದದಲ್ಲಿ ಎಣ್ಣೆ ಹಚ್ಚಿದವಳೆಂದೇ ಇದೆ. ನಿಮ್ಮ ಬಾವಿಕಟ್ಟೆಯಲ್ಲೂ ಹಾಗೆಯೇ ಇದೆ. ಅಲ್ಲಿಯದನ್ನಾದರೂ ಅಳಿಸುವುದು ನಿಮ್ಮ ಕೈಯಲ್ಲಿದೆ ಎಂದು ಇಷ್ಟು ಬರೆದೆ.

ಅಪ್ಪ ವಾಪಸು ಹೊರಟ ದಿನದ್ದೊಂದು ಉಳಿದಿದೆ. ಬಯಲಿನ ಗಾಡಿ, ಅದಕ್ಕೆ ಅಡ್ಡಮರವಿಲ್ಲ. ಬರುವಾಗ ಹತ್ತಿಸಿದ್ದಾಯಿತು, ಇಳಿಯುವುದು ಬೇರೆ. ದಿಬ್ಬದ ತಲೆಯಲ್ಲಿ ಗಾಡಿ ನಿಲ್ಲಿಸಿ ನಾನೇ ಚಕ್ರಗಳಿಗೆ ಅಡ್ಡಮರ ಕಟ್ಟಿದೆ, ಹಗ್ಗ ಬಿಗಿಯುವುದನ್ನು ತೋರಿಸಿಕೊಟ್ಟೆ. ಅಪ್ಪ ನಾಲ್ಕು ಹೆಜ್ಜೆ ಗಾಡಿ ಹೊಡೆದ, ಅದು ಕಿರುಚಿತು. ಅಪ್ಪನ ಕೈ ತಾನಾಗಿ ಕೀಲೆಣ್ಣೆಯ ಗೊಳವೆಗೆ ಹೋಯಿತು. ನನ್ನ ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ.

‘ನೀನ್ ಕಟ್ಟಿರ ಮರ. ಕೂಗ್ಲಿ ಬುಡು ಮಗಾ’ ಎಂದ.

ಅರವತ್ತು ವರ್ಷ ಕೂಗುವ ಗಾಡಿ ಕಂಡರೆ ಮೈ ಉರಿಸಿಕೊಂಡವನು, ದಿಬ್ಬದ ಉದ್ದಕ್ಕೂ ಕಿರುಚುವ ಗಾಡಿಯಲ್ಲಿ ನೆಟ್ಟಗೆ ಕೂತು ಇಳಿದ. ನಾನು ತಿರುವಿನಲ್ಲಿ ನಿಂತು ಆ ಸದ್ದನ್ನು ಕೇಳುತ್ತಿದ್ದೆ. ಬಹಳ ಹೊತ್ತಾದ ಮೇಲೆ ಅದು ನಿಂತಿತು. ಅಪ್ಪನಿಗೆ ಬಯಲು ಸಿಕ್ಕಿದೆ, ಹಗ್ಗ ಸಡಿಲಿಸಿದ್ದಾನೆ, ಇನ್ನು ಮುಂದೆ ನಮ್ಮೂರವರೆಗೂ ಗಾಡಿ ಸದ್ದಿಲ್ಲದೆಯೇ ಹೋಗಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಕಾಲು ಬೇಲಿಯಾಚೆ ಹಾರಲು ಎದ್ದಿತ್ತು.